ಹಬ್ಬದ ಪೇಟೆ ಹೇಳುವ ಲೆಕ್ಕ

ರಮಝಾನಿನ ಕೊನೆಯ ಹತ್ತು ದಿನಗಳು ಬಂದವೆಂದರೆ ನಮ್ಮ ಮಸೀದಿಗಳ ಮಿಂಬರಿನಿಂದ ಒಂದು ಎಚ್ಚರಿಕೆ ತಪ್ಪದೆ ಕೇಳಿಬರುತ್ತದೆ. ಈ ರಾತ್ರಿಗಳು ಇಬಾದತ್‌ಗಾಗಿ ಇರುವವು, ಬಟ್ಟೆ ಅಂಗಡಿ ಸುತ್ತುವುದಕ್ಕಲ್ಲ ಎಂದು ಖತೀಬರು ನೆನಪಿಸುತ್ತಾರೆ. ತಿನ್ನಿರಿ, ಕುಡಿಯಿರಿ, ಆದರೆ ಮಿತಿ ಮೀರಬೇಡಿ ಎಂಬ ಅರ್ಥದ ಸೂರಾ ಅಲ್ ಅಅ್‌ರಾಫ್‌ನ ಆದೇಶವನ್ನು ವಿವರಿಸುತ್ತಾರೆ. ಅತ್ತ ಪೇಟೆಯಲ್ಲಿ ಅಂಗಡಿಯವರು ಬೇರೆಯೇ ಮಾತನಾಡುತ್ತಿರುತ್ತಾರೆ. ವ್ಯಾಪಾರ ಜೋರಾಗಿದ್ದರೆ ಜನ ಚೆನ್ನಾಗಿದ್ದಾರೆ ಎನ್ನುತ್ತಾರೆ. ಮಂದವಾಗಿದ್ದರೆ ಕಾಲ ಕೆಟ್ಟಿದೆ ಎನ್ನುತ್ತಾರೆ.

ಎರಡು ಮಾತಿನಲ್ಲೂ ಸತ್ಯವಿದೆ. ಆದರೆ ಹಬ್ಬದ ಪೇಟೆ ಇವೆರಡಕ್ಕಿಂತ ಹೆಚ್ಚಿನ ಸಂಗತಿಯನ್ನು ಹೇಳುತ್ತದೆ. ಆ ಹಣ ಯಾರ ಕೈಗೆ ಬಂತು, ಯಾವಾಗ ಬಂತು, ಯಾರ ಕೈಗೆ ಬರಲೇ ಇಲ್ಲ ಎಂಬ ಲೆಕ್ಕ ಅಲ್ಲಿರುತ್ತದೆ. ಮುಸ್ಲಿಮ್ ಸಮಾಜದ ಇತಿಹಾಸದಲ್ಲಿ ಈ ಲೆಕ್ಕವನ್ನು ಓದಿದವರು, ಅದನ್ನು ಸರಿಪಡಿಸಲು ಹೊರಟವರು ಇದ್ದಾರೆ. ಮದೀನಾ, ಕೈರೋ ಮತ್ತು ಇಂಡೋನೇಷ್ಯಾದ ಮೂರು ಉದಾಹರಣೆಗಳನ್ನು ಇಲ್ಲಿ ನೋಡೋಣ.

ಮದೀನಾದ ಅಳತೆ

ಹಿಜರಿ ಎರಡನೇ ವರ್ಷದಲ್ಲಿ ರಮಝಾನ್ ಉಪವಾಸ ಕಡ್ಡಾಯವಾಯಿತು. ಅದರೊಂದಿಗೇ ಫಿತ್ರ್ ಝಕಾತ್ ಕೂಡ ಬಂತು. ಇಬ್ನು ಉಮರ್(ರ) ವರದಿ ಮಾಡಿರುವ ಪ್ರಸಿದ್ಧ ಹದೀಸ್‌ನಲ್ಲಿ ಅದರ ಪ್ರಮಾಣ ಸ್ಪಷ್ಟವಾಗಿದೆ. ಖರ್ಜೂರವಾದರೆ ಒಂದು ಸಾಅ್, ಜವೆಗೋಧಿಯಾದರೆ ಒಂದು ಸಾಅ್. ಗಂಡು, ಹೆಣ್ಣು, ಮಕ್ಕಳು, ದೊಡ್ಡವರು ಎಲ್ಲರ ಪರವಾಗಿಯೂ ಕೊಡಬೇಕು. ಈದ್ ನಮಾಝಿಗೆ ಹೊರಡುವ ಮೊದಲೇ ಅದು ಬಡವರಿಗೆ ತಲಪಬೇಕು. ಸಾಅ್ ಎಂದರೆ ನಾಲ್ಕು ಮುದ್ದ್. ಇಂದಿನ ತೂಕದಲ್ಲಿ ಸುಮಾರು ಎರಡೂವರೆಯಿಂದ ಮೂರು ಕಿಲೋ; ಮದ್‌ಹಬ್ ಮತ್ತು ಧಾನ್ಯಕ್ಕೆ ತಕ್ಕಂತೆ ಸ್ವಲ್ಪ ಹೆಚ್ಚು ಕಡಿಮೆಯಾಗುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಸಮಯವನ್ನು. ನಮಾಝಿನ ನಂತರ ಕೊಟ್ಟರೆ ಅದು ಸಾಮಾನ್ಯ ದಾನವಷ್ಟೇ ಎಂದು ಇಬ್ನು ಅಬ್ಬಾಸ್(ರ) ಅವರ ವರದಿಯಲ್ಲಿದೆ. ಹಬ್ಬ ಮುಗಿದ ಮೇಲೆ ಬಡವನ ಮನೆಗೆ ಧಾನ್ಯ ಬಂದರೆ ಅವನ ಹಸಿವು ತಣಿಯಬಹುದು, ಆದರೆ ಅವನ ಈದ್ ಹೋಗಿಬಿಟ್ಟಿರುತ್ತದೆ. ಈದ್‌ನ ದಿನ ಯಾರೂ ಬೇಡಿಕೊಂಡು ತಿರುಗಬಾರದು ಎಂಬುದೇ ಉದ್ದೇಶವಾದ್ದರಿಂದ, ಎಷ್ಟು ಕೊಡಬೇಕು ಎಂಬುದರಷ್ಟೇ ಯಾವಾಗ ಕೊಡಬೇಕು ಎಂಬುದೂ ಮುಖ್ಯವಾಯಿತು.

ಕೆಲವು ದಶಕಗಳ ನಂತರ ಇನ್ನೊಂದು ಪ್ರಶ್ನೆ ಎದ್ದಿತು. ಸಿರಿಯಾದ ಗೋಧಿ ಹಿಜಾಝಿಗೆ ಬರುತ್ತಿತ್ತು. ಅದು ಖರ್ಜೂರಕ್ಕಿಂತ ದುಬಾರಿ. ಸಿರಿಯಾದ ಗೋಧಿಯ ಎರಡು ಮುದ್ದ್ ಒಂದು ಸಾಅ್ ಖರ್ಜೂರಕ್ಕೆ ಸಮ ಎಂದು ಮುಆವಿಯಾ(ರ) ಅಭಿಪ್ರಾಯಪಟ್ಟರು, ಜನ ಅದನ್ನು ಅನುಸರಿಸಿದರು. ಅಬೂ ಸಈದ್ ಅಲ್ ಖುದ್ರೀ(ರ) ಮಾತ್ರ ತಾನು ಪ್ರವಾದಿ(ಸ)ರ ಕಾಲದಲ್ಲಿ ಕೊಡುತ್ತಿದ್ದಷ್ಟೇ ಕೊಡುತ್ತೇನೆ ಎಂದರು. ನಮ್ಮ ಕರಾವಳಿಯ ಶಾಫಿಈ ಮನೆಗಳಲ್ಲಿ ಇಂದಿಗೂ ಒಂದು ಸಾಅ್ ಅಕ್ಕಿ ಅಳೆದು ಕೊಡುವುದನ್ನೂ, ಬೆಂಗಳೂರು, ಮೈಸೂರು, ಕಲಬುರಗಿ ಕಡೆಯ ಹನಫಿ ಮನೆಗಳಲ್ಲಿ ಅರ್ಧ ಸಾಅ್ ಗೋಧಿಯ ಬೆಲೆ ಕಟ್ಟಿ ಹಣ ಕೊಡುವುದನ್ನೂ ನೋಡುತ್ತೇವೆ. ಹನಫಿ ವಿದ್ವಾಂಸರ ಬಳಿ ಇದಕ್ಕೆ ಬೇರೆ ಆಧಾರಗಳೂ ಇವೆ; ಅದು ಫಿಕ್ಹ್‌ನ ವಿಷಯ. ನಮ್ಮ ವಿಷಯಕ್ಕೆ ಬೇಕಾದದ್ದು ಇಷ್ಟು: ಆ ಕಾಲದವರೂ ಹಬ್ಬದ ಹೊತ್ತಿಗೆ ಪೇಟೆಯ ಬೆಲೆಯನ್ನು ನೋಡಿಯೇ ಬಡವನ ಪಾಲಿನ ಬಗ್ಗೆ ಚರ್ಚಿಸಿದರು. ಧಾನ್ಯವಾಗಿ ಕೊಟ್ಟರೆ ಬೆಲೆ ಎಷ್ಟೇ ಏರಲಿ ಅವನ ಹೊಟ್ಟೆಗೆ ಬೀಳುವ ಪ್ರಮಾಣ ಕಡಿಮೆಯಾಗದು. ಬೆಲೆ ಕಟ್ಟಿ ಕೊಡುವುದಾದರೆ ಆಯಾ ವರ್ಷದ ಬೆಲೆಯನ್ನೇ ಹಿಡಿಯಬೇಕು. ಎರಡು ದಾರಿಯಲ್ಲೂ ಏರಿದ ಬೆಲೆಯ ಭಾರ ಬಡವನ ಮೇಲೆ ಬೀಳುವುದಿಲ್ಲ.

ಕೈರೋದ ಮೇಣದಬತ್ತಿ ಪೇಟೆ

ಹಬ್ಬದ ಪೇಟೆಯನ್ನು ನೋಡಿ ನಾಡಿನ ಆರ್ಥಿಕ ಸ್ಥಿತಿಯನ್ನು ಅಳೆದವರಲ್ಲಿ ಈಜಿಪ್ಟಿನ ಇತಿಹಾಸಕಾರ ತಖಿಯ್ಯುದ್ದೀನ್ ಅಲ್ ಮಖ್ರೀಝೀ ಪ್ರಮುಖರು. 1364ರಲ್ಲಿ ಕೈರೋದಲ್ಲಿ ಹುಟ್ಟಿ 1442ರಲ್ಲಿ ಅಲ್ಲೇ ತೀರಿಕೊಂಡ ಅವರು ಕೆಲಕಾಲ ಮುಹ್ತಸಿಬ್ ಆಗಿದ್ದರು. ಅಂದರೆ ಪೇಟೆಯ ತೂಕ, ಅಳತೆ, ಬೆಲೆ, ನಡವಳಿಕೆಗಳನ್ನು ನೋಡಿಕೊಳ್ಳುವ ಅಧಿಕಾರಿ. ಹೀಗಾಗಿ ಅವರ ‘ಖಿತತ್’ ಎಂಬ ಬೃಹತ್ ಗ್ರಂಥದಲ್ಲಿ ಅರಮನೆ, ಮಸೀದಿಗಳ ವರ್ಣನೆಯಂತೆಯೇ ಕೈರೋದ ಒಂದೊಂದು ಪೇಟೆಯ ವರ್ಣನೆಯೂ ಇದೆ.

ಅದರಲ್ಲಿ ಮೇಣದಬತ್ತಿಯವರ ಪೇಟೆಯೂ ಒಂದು. ರಮಝಾನ್ ಬಂದರೆ ಆ ಪೇಟೆಗೆ ದೊಡ್ಡ ಸುಗ್ಗಿ. ತರಾವೀಹ್‌ಗೆ ಹೋಗುವಾಗ ಹಿಡಿದುಕೊಂಡು ಹೋಗಲು ಜನ ಭಾರೀ ಗಾತ್ರದ ಬತ್ತಿಗಳನ್ನು ಕೊಳ್ಳುತ್ತಿದ್ದರು, ಕೊಳ್ಳಲಾಗದವರು ಬಾಡಿಗೆಗೆ ಪಡೆಯುತ್ತಿದ್ದರು. ಮಿಠಾಯಿಯವರ ಪೇಟೆಯಲ್ಲಿ ರಜಬ್, ಶಅಬಾನ್ ಮತ್ತು ಈದುಲ್ ಫಿತ್ರ್‌ಗೆ ಸಕ್ಕರೆಯಲ್ಲಿ ಕುದುರೆ, ಸಿಂಹ, ಬೆಕ್ಕುಗಳ ಆಕೃತಿಗಳನ್ನು ಮಾಡಿ ಅಂಗಡಿಯ ಮುಂದೆ ದಾರದಲ್ಲಿ ತೂಗುಹಾಕುತ್ತಿದ್ದರು. ದೊಡ್ಡವೂ ಇದ್ದವು, ಬಡವನ ಮಗುವಿಗೆ ಎಟಕುವಷ್ಟು ಪುಟ್ಟವೂ ಇದ್ದವು. ಮನೆಯ ಮಕ್ಕಳಿಗೆ ಇದನ್ನು ಕೊಂಡೊಯ್ಯದವರು ಕಡಿಮೆ.

ಹಿಜರಿ 806ರಲ್ಲಿ, ಅಂದರೆ 1403-04ರಲ್ಲಿ, ನೈಲ್ ನದಿಯ ನೀರು ಸಾಕಷ್ಟು ಏರಲಿಲ್ಲ. ಬರ ಬಂತು, ಅದರ ಹಿಂದೆ ರೋಗ ಬಂತು. ಮಮ್ಲೂಕ್ ಆಡಳಿತ ಬೆಳ್ಳಿ ನಾಣ್ಯದ ಬದಲು ತಾಮ್ರದ ನಾಣ್ಯಗಳನ್ನು ಹೇರಳವಾಗಿ ಚಲಾವಣೆಗೆ ತಂದದ್ದರಿಂದ ಬೆಲೆಗಳು ಕೈಮೀರಿದವು. ಹುದ್ದೆಗಳು ಲಂಚಕ್ಕೆ ಮಾರಾಟವಾದವು, ಲಂಚ ಕೊಟ್ಟು ಹುದ್ದೆ ಪಡೆದವರು ಆ ಹಣವನ್ನು ರೈತರಿಂದ ಕಿತ್ತುಕೊಂಡರು. ಈ ಮೂರನ್ನೂ ಕಾರಣವಾಗಿ ಕಂಡು ಮಖ್ರೀಝೀ ಒಂದು ಪುಸ್ತಕವನ್ನೇ ಬರೆದರು. ಬರ ದೇವರ ಪರೀಕ್ಷೆ ಎಂದು ಹೇಳಿ ಅವರು ಸುಮ್ಮನಾಗಲಿಲ್ಲ. ಬರವನ್ನು ಬರಗಾಲವಾಗಿ ಮಾಡಿದ್ದು ಆಳುವವರ ನಡೆ ಎಂದರು.

ಆ ಸಂಕಟದ ನಂತರ ಮೇಣದಬತ್ತಿ ಪೇಟೆಯ ಸುಗ್ಗಿ ಇಳಿದು ಹೋಯಿತು, ಸಕ್ಕರೆಯ ಕುದುರೆಗಳು ವಿರಳವಾದವು ಎಂದು ಅವರು ನೋವಿನಿಂದ ದಾಖಲಿಸುತ್ತಾರೆ. ಇದನ್ನು ದುಂದುವೆಚ್ಚ ನಿಂತಿತೆಂದು ಯಾರೂ ಸಂತೋಷಪಡುವ ಹಾಗಿರಲಿಲ್ಲ. ಸುಲ್ತಾನರ, ಅಮೀರರ ವೈಭವ ನಿಂತಿರಲಿಲ್ಲ. ನಿಂತದ್ದು ಸಾಧಾರಣ ಮನುಷ್ಯ ತನ್ನ ಮಗುವಿಗೆ ಕೊಡಿಸುತ್ತಿದ್ದ ಕಾಲು ರತಲ್ ಸಕ್ಕರೆಯ ಬೆಕ್ಕು. ಹಬ್ಬದ ಖರ್ಚು ಕಡಿಮೆಯಾದಾಗ ಯಾರ ಖರ್ಚು ಕಡಿಮೆಯಾಯಿತು ಎಂದು ನೋಡಬೇಕೆಂಬ ಪಾಠ ಅಲ್ಲಿದೆ.

ಇಂಡೋನೇಷ್ಯಾದ ಹದಿಮೂರನೇ ಸಂಬಳ

ಈಗ ಐದೂವರೆ ಶತಮಾನ ದಾಟಿ ಜಗತ್ತಿನಲ್ಲಿ ಅತಿ ಹೆಚ್ಚು ಮುಸ್ಲಿಮರಿರುವ ದೇಶಗಳಲ್ಲಿ ಒಂದಾದ ಇಂಡೋನೇಷ್ಯಾಕ್ಕೆ ಬರೋಣ. ಡಚ್ಚರ ಕೈಯಿಂದ ಬಿಡಿಸಿಕೊಂಡ ಆ ಹೊಸ ಗಣರಾಜ್ಯದಲ್ಲಿ 1951ರಲ್ಲಿ ಸುಕಿಮಾನ್ ವಿರ್ಜೊಸಂಜೊಯೊ ಪ್ರಧಾನಿಯಾದರು. ವೃತ್ತಿಯಲ್ಲಿ ವೈದ್ಯರು, ಮಸ್ಯುಮಿ ಎಂಬ ಇಸ್ಲಾಮೀ ಪಕ್ಷದ ನಾಯಕರು. ಈದ್‌ಗೆ ಅಲ್ಲಿ ‘ಲೆಬಾರಾನ್’ ಎನ್ನುತ್ತಾರೆ. ಲೆಬಾರಾನ್ ಸಮೀಪಿಸಿದಾಗ ಸರ್ಕಾರಿ ನೌಕರರಿಗೆ ಅವರು ಒಂದಿಷ್ಟು ಹಣ ಕೊಡಿಸುವ ಪದ್ಧತಿ ಆರಂಭಿಸಿದರು.

ನೌಕರರ ಮನೆಗಳಲ್ಲಿ ಸಂತೋಷವಾಯಿತು. ಆದರೆ ಕಾರ್ಖಾನೆ, ತೋಟಗಳ ಕೂಲಿಕಾರರು ಕೇಳಿದರು: ನಾವೂ ಉಪವಾಸ ಹಿಡಿಯುತ್ತೇವೆ, ನಮ್ಮ ಮನೆಯಲ್ಲೂ ಮಕ್ಕಳಿದ್ದಾರೆ, ನಮಗೇಕಿಲ್ಲ? 1952ರ ಫೆಬ್ರವರಿಯಲ್ಲಿ ಅವರು ಮುಷ್ಕರಕ್ಕಿಳಿದರು. ಮುಂದಾಳತ್ವ ವಹಿಸಿದ್ದು ಎಡಪಂಥೀಯ ಕಾರ್ಮಿಕ ಸಂಘಗಳು. ಇಸ್ಲಾಮೀ ಪಕ್ಷದ ಪ್ರಧಾನಿ ಆರಂಭಿಸಿದ್ದನ್ನು ಎಲ್ಲ ದುಡಿಯುವವರಿಗೂ ಕೇಳಿದವರು ಕಮ್ಯೂನಿಸ್ಟರು ಎಂಬುದು ಇತಿಹಾಸದ ಒಂದು ವಿಚಿತ್ರ.

ಬೇಡಿಕೆ ಒಂದೇ ಸಲಕ್ಕೆ ಈಡೇರಲಿಲ್ಲ. 1954ರಲ್ಲಿ ಕಾರ್ಮಿಕ ಸಚಿವರು ಸುತ್ತೋಲೆಯೊಂದನ್ನು ಹೊರಡಿಸಿ, ವರ್ಷದ ಕೂಲಿಯ ಹನ್ನೆರಡನೇ ಒಂದು ಭಾಗವನ್ನು ‘ಲೆಬಾರಾನ್ ಉಡುಗೊರೆ’ಯಾಗಿ ಕೊಡಿ ಎಂದು ಮಾಲಕರಿಗೆ ಸಲಹೆ ನೀಡಿದರು. ಸಲಹೆಯನ್ನು ಪಾಲಿಸದವರೇ ಹೆಚ್ಚು. 1961ರ ನಿಯಮದಿಂದ ಅದು ಕಡ್ಡಾಯವಾಯಿತು. 1994ರಲ್ಲಿ ‘ಉಡುಗೊರೆ’ ಎಂಬ ಪದ ಹೋಗಿ ‘ಹಬ್ಬದ ಭತ್ಯೆ’ ಎಂಬ ಹೆಸರು ನಿಂತಿತು. ಒಂದು ವರ್ಷ ದುಡಿದವನಿಗೆ ಒಂದು ತಿಂಗಳ ಸಂಬಳ. ಮುಸ್ಲಿಮರಿಗೆ ಈದ್‌ಗೆ, ಕ್ರೈಸ್ತರಿಗೆ ಕ್ರಿಸ್ಮಸ್‌ಗೆ, ಹಿಂದೂಗಳಿಗೆ ನ್ಯೆಪಿಗೆ, ಬೌದ್ಧರಿಗೆ ವೈಶಾಖಕ್ಕೆ. 2016ರ ನಿಯಮದ ಪ್ರಕಾರ ಒಂದೇ ತಿಂಗಳು ದುಡಿದವನಿಗೂ ಅವನ ಪಾಲಿನಷ್ಟು ಸಿಗಬೇಕು, ಹಬ್ಬಕ್ಕೆ ಏಳು ದಿನ ಮೊದಲೇ ಕೈಸೇರಬೇಕು, ತಡವಾದರೆ ಮಾಲಕ ದಂಡ ತೆರಬೇಕು.

ಉಡುಗೊರೆ ಹಕ್ಕಾಗಲು ನಾಲ್ಕು ದಶಕಗಳೇ ಹಿಡಿದವು. ಕೊನೆಗೆ ಬಂದು ನಿಂತ ನಿಯಮವನ್ನು ನೋಡಿ: ಹಬ್ಬಕ್ಕೆ ಮೊದಲೇ ಕೊಡಬೇಕು. ಫಿತ್ರ್ ಝಕಾತ್ ದಾನ, ಇದು ದುಡಿಮೆಯ ಫಲ. ಎರಡೂ ಬೇರೆ ಬೇರೆ. ಆದರೂ ಸಮಯದ ಮಹತ್ವ ಎರಡರಲ್ಲೂ ಒಂದೇ.

ಹಣ ಎಲ್ಲಿಗೆ ಹರಿಯುತ್ತದೆ?

ಕೋಟ್ಯಂತರ ಜನರ ಕೈಗೆ ಒಂದೇ ವಾರದಲ್ಲಿ ಒಂದು ತಿಂಗಳ ಸಂಬಳ ಬಂದರೆ ಏನಾಗುತ್ತದೆ? ಇಂಡೋನೇಷ್ಯಾದ ಒಟ್ಟು ಉತ್ಪನ್ನದಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಮಂದಿಯ ಖರ್ಚೇ. ಹಾಗಾಗಿ ಲೆಬಾರಾನ್ ಬರುವ ತ್ರೈಮಾಸಿಕದ ಮೇಲೆ ಅರ್ಥಶಾಸ್ತ್ರಜ್ಞರೆಲ್ಲರ ಕಣ್ಣಿರುತ್ತದೆ. ಜಕಾರ್ತಾದಂಥ ನಗರಗಳಲ್ಲಿ ದುಡಿಯುವವರು ಊರಿಗೆ ಹೊರಡುತ್ತಾರೆ. ಇದಕ್ಕೆ ‘ಮುಡಿಕ್’ ಎನ್ನುತ್ತಾರೆ. ಬಸ್ಸು, ರೈಲು, ಹಡಗು, ಬೈಕುಗಳಲ್ಲಿ ಜನ ಮಾತ್ರವಲ್ಲ, ನಗರದ ಹಣವೂ ಹಳ್ಳಿಗೆ ಹೋಗುತ್ತದೆ. ತಾಯಿಯ ಕೈಗೆ ಒಂದಿಷ್ಟು, ಮನೆಯ ಹೆಂಚಿಗೆ ಒಂದಿಷ್ಟು, ಊರಿನ ಅಂಗಡಿಗೆ ಒಂದಿಷ್ಟು. ಮಕ್ಕಳಿಗೆ ಕೊಡಲು ಹೊಸ ನೋಟುಗಳೇ ಬೇಕು. ಅದಕ್ಕಾಗಿ ಬ್ಯಾಂಕುಗಳ ಮುಂದೆ ಸಾಲು ನಿಲ್ಲುತ್ತಾರೆ. ಗಲ್ಫಿನಿಂದ ಪೆರ್ನಾಲ್‌ಗೆ ಊರಿಗೆ ಬರುವವರನ್ನು ಕಂಡಿರುವ ಭಟ್ಕಳ, ಮಂಗಳೂರಿನ ಮನೆಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಆದರೆ ಇದಕ್ಕೆ ಇನ್ನೊಂದು ಮುಖವಿದೆ. ಹಣ ಒಮ್ಮೆಲೇ ಪೇಟೆಗೆ ಇಳಿದಾಗ ಮಾಂಸ, ಮೊಟ್ಟೆ, ಮೆಣಸು, ಈರುಳ್ಳಿ, ಪ್ರಯಾಣದ ಟಿಕೆಟ್ ಎಲ್ಲದರ ಬೆಲೆ ಏರುತ್ತದೆ. ಭತ್ಯೆ ಸಿಕ್ಕವನು ಆ ಏರಿಕೆಯನ್ನು ಭತ್ಯೆಯಿಂದ ತುಂಬಿಸಿಕೊಳ್ಳುತ್ತಾನೆ. ಸಿಗದವನೂ ಅದೇ ಬೆಲೆ ಕೊಡಬೇಕು. ರಸ್ತೆಬದಿಯ ವ್ಯಾಪಾರಿ, ದಿನಗೂಲಿ ಕೆಲಸಗಾರ, ಗಂಡನಿಲ್ಲದ ಹೆಂಗಸು ಇವರಿಗೆ ಹಬ್ಬದ ತಿಂಗಳೇ ವರ್ಷದ ಅತಿ ದುಬಾರಿ ತಿಂಗಳಾಗುತ್ತದೆ.

ಗಿರವಿ ಅಂಗಡಿಗಳೂ ಒಂದು ಕತೆ ಹೇಳುತ್ತವೆ. ಇಂಡೋನೇಷ್ಯಾದಲ್ಲಿ ಸರ್ಕಾರಿ ಒಡೆತನದ ಗಿರವಿ ಸಂಸ್ಥೆಯಿದೆ. ಲೆಬಾರಾನ್‌ಗೆ ಮೊದಲು ಜನ ಅಡವಿಟ್ಟ ಚಿನ್ನವನ್ನು ಬಿಡಿಸಿಕೊಳ್ಳುತ್ತಾರೆ, ಊರಿನಲ್ಲಿ ತೊಟ್ಟುಕೊಳ್ಳಬೇಕಲ್ಲ! ಹಬ್ಬ ಮುಗಿದು ಶಾಲೆ ಶುಲ್ಕದ ಸಮಯ ಬಂದಾಗ ಅದೇ ಚಿನ್ನ ಮತ್ತೆ ಅಲ್ಲಿಗೆ ಮರಳುತ್ತದೆ. ಹಬ್ಬದ ದಿನ ಮೈಮೇಲೆ ಕಂಡ ಬಳೆಯನ್ನು ನೋಡಿ ಆ ಮನೆಯ ಸ್ಥಿತಿ ಹೇಳಲಾಗದು. ವ್ಯಾಪಾರ ಜೋರಾಗಿದ್ದರೆ ಜನ ಚೆನ್ನಾಗಿದ್ದಾರೆ ಎಂಬ ಅಂಗಡಿಯವರ ಮಾತು ಸೋಲುವುದು ಇಲ್ಲಿಯೇ.

ಅಂಕಿ ಅಂಶ ನೋಡುವವರೂ ಎಡವಬಹುದು. ನಮ್ಮ ಚಾಂದ್ರಮಾನ ವರ್ಷ ಸೌರಮಾನ ವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಚಿಕ್ಕದು. ಡಿಸೆಂಬರ್ 25ಕ್ಕೆ ನಿಂತಿರುವ ಕ್ರಿಸ್ಮಸ್‌ನ ವ್ಯಾಪಾರವನ್ನು ವರ್ಷದಿಂದ ವರ್ಷಕ್ಕೆ ಹೋಲಿಸುವುದು ಸುಲಭ. ಈದ್ ಸರಿಯುತ್ತಲೇ ಇರುತ್ತದೆ. 2000ನೇ ಇಸವಿಯಲ್ಲಂತೂ ಜನವರಿಯಲ್ಲಿ ಒಂದು, ಡಿಸೆಂಬರಿನಲ್ಲಿ ಒಂದು, ಹೀಗೆ ಎರಡು ಈದುಲ್ ಫಿತ್ರ್ ಬಂದವು. ಹಬ್ಬ ಯಾವ ತಿಂಗಳಲ್ಲಿತ್ತು ಎಂದು ನೋಡದೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಹಬ್ಬ ಬಂದರೂ ಪೇಟೆ ಏಳದಿದ್ದಾಗ

2020ರ ಈದ್ ಮೇ ತಿಂಗಳಲ್ಲಿ ಬಂತು. ಕೋವಿಡ್‌ನಿಂದಾಗಿ ಇಂಡೋನೇಷ್ಯಾ ಸರ್ಕಾರ ಮುಡಿಕ್ ನಿಷೇಧಿಸಿತು, ಭತ್ಯೆಯನ್ನು ಕಂತಿನಲ್ಲಿ ಕೊಡಲು ಮಾಲಕರಿಗೆ ಅವಕಾಶ ನೀಡಿತು. ಎಂದಿನ ಹಬ್ಬದ ಸುಗ್ಗಿಯ ಆ ತ್ರೈಮಾಸಿಕದಲ್ಲಿ ದೇಶದ ಉತ್ಪನ್ನ ಹಿಂದಿನ ವರ್ಷಕ್ಕಿಂತ ಶೇ. 5.32ರಷ್ಟು ಕುಸಿಯಿತು. ಇದಕ್ಕೆ ಕಾರಣ ಎಲ್ಲರಿಗೂ ಕಾಣುತ್ತಿತ್ತು.

2025ರ ಕತೆ ಹಾಗಲ್ಲ. ರೋಗವಿರಲಿಲ್ಲ, ರಸ್ತೆಗಳು ತೆರೆದಿದ್ದವು. ರಮಝಾನ್ ಇಡೀ ಮಾರ್ಚ್ ತಿಂಗಳನ್ನು ಆವರಿಸಿತ್ತು, ಈದ್ ಮಾರ್ಚ್ 31ಕ್ಕೆ ಬಂತು. ಆದರೂ ಆ ತ್ರೈಮಾಸಿಕದ ಬೆಳವಣಿಗೆ ಶೇ. 4.87ಕ್ಕೆ ಇಳಿದು, ಮೂರು ವರ್ಷಗಳಿಗೂ ಹೆಚ್ಚಿನ ಅವಧಿಯಲ್ಲೇ ಕಡಿಮೆಯದಾಯಿತು. ಹಿಂದಿನ ವರ್ಷ 19 ಕೋಟಿಗೂ ಹೆಚ್ಚು ಜನ ಹಬ್ಬದ ಪ್ರಯಾಣ ಮಾಡುವರೆಂದು ಸಾರಿಗೆ ಸಚಿವಾಲಯದ ಸಮೀಕ್ಷೆ ಅಂದಾಜಿಸಿತ್ತು. 2025ರಲ್ಲಿ ಆ ಅಂದಾಜು 15 ಕೋಟಿಯೊಳಗೆ ಬಂದು ನಿಂತಿತು. ರಮಝಾನಿನ ಮೊದಲ ದಿನವೇ ಮಧ್ಯ ಜಾವಾದ ದೊಡ್ಡ ಜವಳಿ ಕಾರ್ಖಾನೆ ಸ್ರಿಟೆಕ್ಸ್ ದಿವಾಳಿಯಾಗಿ ಮುಚ್ಚಿ, 10 ಸಾವಿರಕ್ಕೂ ಹೆಚ್ಚು ಮಂದಿ ಕೆಲಸ ಕಳೆದುಕೊಂಡರು. ಅಲ್ಲಿನ ಅಂಕಿ ಅಂಶ ಇಲಾಖೆಯ ಪ್ರಕಾರ ಮಧ್ಯಮ ವರ್ಗದವರ ಸಂಖ್ಯೆ 2019ರಲ್ಲಿ 5.73 ಕೋಟಿ ಇದ್ದದ್ದು 2024ಕ್ಕೆ 4.78 ಕೋಟಿಗೆ ಇಳಿದಿತ್ತು. ಹಬ್ಬದ ಪೇಟೆ ಆ ಇಳಿತವನ್ನು ಎಲ್ಲರಿಗೂ ಕಾಣಿಸಿತು.

ಅದೇ ವರ್ಷ ಹೊಸ ಪ್ರಶ್ನೆಯೊಂದು ಎದ್ದಿತು. ಮೊಬೈಲ್ ಆ್ಯಪ್‌ಗಳಿಗಾಗಿ ಬೈಕು ಓಡಿಸುವವರು, ಊಟ ತಲಪಿಸುವವರು ಕಾನೂನಿನ ಲೆಕ್ಕದಲ್ಲಿ ನೌಕರರಲ್ಲ, ‘ಪಾಲುದಾರರು’. ಆದ್ದರಿಂದ ಅವರಿಗೆ ಭತ್ಯೆಯಿಲ್ಲ. ಅವರ ಪ್ರತಿಭಟನೆಯ ನಂತರ ಅಧ್ಯಕ್ಷ ಪ್ರಬೋವೊ ಹಬ್ಬದ ಬೋನಸ್ ಕೊಡುವಂತೆ ಕಂಪೆನಿಗಳಿಗೆ ಕರೆ ನೀಡಿದರು. ಬಂದದ್ದು ಎಷ್ಟು? ಹಲವರಿಗೆ 50 ಸಾವಿರ ರುಪಯ್ಯಾ. ನಮ್ಮ ಹಣದಲ್ಲಿ 300 ರೂಪಾಯಿಗಿಂತ ಕಡಿಮೆ. 1952ರಲ್ಲಿ ಕೂಲಿಕಾರರು ಕೇಳಿದ ‘ನಮಗೇಕಿಲ್ಲ?’ ಎಂಬ ಪ್ರಶ್ನೆಯೇ ಎಪ್ಪತ್ತಮೂರು ವರ್ಷಗಳ ನಂತರ ಮತ್ತೆ ಬೀದಿಗೆ ಬಂದಿತ್ತು.

ನಮ್ಮ ಬೀದಿಯ ಲೆಕ್ಕ

ನಮ್ಮ ದೇಶದಲ್ಲಿ 1965ರಲ್ಲಿ ಬೋನಸ್ ಪಾವತಿ ಕಾಯ್ದೆ ಬಂತು. ಅದರ ಕನಿಷ್ಠ ದರ ಮುಂದೆ ಶೇ. 8.33ಕ್ಕೆ ನಿಂತಿತು. ಇದು ವರ್ಷದ ಸಂಬಳದ ಹನ್ನೆರಡನೇ ಒಂದು ಭಾಗ. ಇಂಡೋನೇಷ್ಯಾದ 1954ರ ಸುತ್ತೋಲೆ ಹೇಳಿದ್ದೂ ಅಷ್ಟೇ. ಲೆಕ್ಕಪತ್ರದ ವರ್ಷ ಮುಗಿದ ಎಂಟು ತಿಂಗಳೊಳಗೆ ಕೊಡಬೇಕೆಂಬ ನಿಯಮವಿದ್ದುದರಿಂದ ಅದು ಸಾಮಾನ್ಯವಾಗಿ ದೀಪಾವಳಿಯ ಹೊತ್ತಿಗೆ ಬರುತ್ತಿತ್ತು. ಆದರೆ ಇಪ್ಪತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಕಡೆಗೆ ಆ ಕಾಯ್ದೆ ಸಾಮಾನ್ಯವಾಗಿ ಮುಟ್ಟುತ್ತಿರಲಿಲ್ಲ. ನಮ್ಮ ಸಮುದಾಯದ ಬಹುಪಾಲು ದುಡಿಮೆ ಇರುವುದೇ ಅಂಥ ಕಡೆ: ಗ್ಯಾರೇಜು, ಟೈಲರ್ ಅಂಗಡಿ, ಹಣ್ಣಿನ ಗಾಡಿ, ಮೀನು ಮಾರಾಟ, ಬೇಕರಿ, ಗುಜರಿ, ಮನೆಗೆಲಸ.

ಅಂದರೆ ಈದ್‌ಗೆ ಮೊದಲು ಇವರ ಕೈಗೆ ಹಣ ಬರಬೇಕಾದರೆ ಅದು ಕಾನೂನಿನಿಂದ ಬರುವುದಿಲ್ಲ, ನಮ್ಮಿಂದಲೇ ಬರಬೇಕು. ಇವರಲ್ಲಿ ಹಲವರ ಮಾಲಕರೂ ಗಿರಾಕಿಗಳೂ ನಾವೇ. ನಮ್ಮ ಮಕ್ಕಳ ಹೊಸ ಬಟ್ಟೆಯನ್ನು ರಾತ್ರಿಯಿಡೀ ಕೂತು ಹೊಲಿದ ಟೈಲರ್, ಹೊಲಿಗೆಯ ಹಣ ‘ಹಬ್ಬ ಮುಗಿಯಲಿ’ ಎಂಬ ಮಾತಿನಲ್ಲಿ ಉಳಿದುಬಿಟ್ಟರೆ ತನ್ನ ಮಕ್ಕಳಿಗೆ ಬಟ್ಟೆ ಕೊಡಿಸುವುದು ಹೇಗೆ? ದುಡಿದವನ ಬೆವರು ಆರುವ ಮೊದಲೇ ಅವನ ಕೂಲಿ ಕೊಡಬೇಕೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಟೈಲರ್‌ಗೆ ಸಲ್ಲಬೇಕಾದ ಹಣವನ್ನು ಇಟ್ಟುಕೊಂಡು ಅದರಲ್ಲೇ ಅತ್ತರ್ ಕೊಂಡರೆ, ಇಸ್ರಾಫ್‌ಗಿಂತ ಮೊದಲು ಅಲ್ಲಿ ಇನ್ನೊಬ್ಬರ ಹಕ್ಕಿನ ಪ್ರಶ್ನೆ ಬರುತ್ತದೆ.

ಖತೀಬರ ಎಚ್ಚರಿಕೆ ಸರಿಯಾದದ್ದೇ. ನೆರೆಯವರು ನೋಡಲೆಂದು ಸಾಲ ಮಾಡಿ ಬಟ್ಟೆ ತರುವುದು, ಬಡ್ಡಿಗೆ ಹಣ ತಂದು ಬಿರಿಯಾನಿ ಮಾಡುವುದು ಹಬ್ಬವಲ್ಲ. ಆದರೆ ಈದ್‌ಗೆ ಮಕ್ಕಳಿಗೆ ಒಂದು ಜೊತೆ ಹೊಸ ಬಟ್ಟೆ ತರುವ ಬಡ ತಂದೆಯನ್ನು ಆ ಮಾತಿನಿಂದ ನಾಚಿಸಬಾರದು. ಕೈರೋದ ಸಕ್ಕರೆಯ ಬೆಕ್ಕಿನಂತೆ ಅದು ಅವನ ಮನೆಯ ಸಣ್ಣ ಸಂತೋಷ. ಮಿತಿ ಮೀರುವುದರ ಬಗ್ಗೆ ಕೇಳಿಸಿಕೊಳ್ಳಬೇಕಾದವರು ಮೂರು ಬಗೆಯ ಬಟ್ಟೆ ಕೊಂಡವರು.

ಹಾಗಾಗಿ ಮುಂದಿನ ಈದ್‌ನ ಮನೆಲೆಕ್ಕ ಬರೆಯುವಾಗ ಮೊದಲ ಸಾಲಿನಲ್ಲಿ ಬಟ್ಟೆ, ಮಾಂಸ, ಸೇಮಿಗೆ ಬರೆಯಬೇಡಿ. ಮೊದಲು, ನಾವು ಯಾರಿಗೆ ಕೂಲಿ ಕೊಡಬೇಕಾಗಿದೆ ಎಂದು ಬರೆಯಿರಿ. ಎರಡನೆಯದಾಗಿ, ಯಾರ ಸಾಲ ತೀರಿಸಬೇಕಾಗಿದೆ ಎಂದು. ಮೂರನೆಯದಾಗಿ, ಫಿತ್ರ್ ಝಕಾತನ್ನು ಯಾರ ಮನೆಗೆ, ಯಾವ ದಿನ ಮುಟ್ಟಿಸುವುದು ಎಂದು. ಜಮಾಅತ್‌ಗಳೂ ಈದ್‌ನ ಹಿಂದಿನ ರಾತ್ರಿ ಹನ್ನೆರಡು ಗಂಟೆಯವರೆಗೆ ಅಕ್ಕಿ ಹಂಚುತ್ತಾ ಕೂರುವ ಬದಲು, ತಮ್ಮ ಮದ್‌ಹಬ್ ಅನುಮತಿಸುವಷ್ಟು ಮುಂಚಿತವಾಗಿ ಸಂಗ್ರಹಿಸಿ, ಬಡ ತಾಯಿ ಪೇಟೆಗೆ ಹೋಗಿ ಬರುವಷ್ಟು ಸಮಯ ಇರುವಾಗಲೇ ತಲಪಿಸಲಿ.

ಈ ಮೂರು ಸಾಲು ಬರೆದು ಉಳಿದ ಹಣದಲ್ಲಿ ಹಬ್ಬ ಮಾಡೋಣ. ಆ ಹಬ್ಬ ಸ್ವಲ್ಪ ಚಿಕ್ಕದಾಗಬಹುದು. ಆದರೆ ಈದ್‌ಗಾಹ್‌ನಲ್ಲಿ ನಮ್ಮ ಪಕ್ಕದಲ್ಲಿ ನಿಂತು ತಕ್ಬೀರ್ ಹೇಳುವವನ ಮನೆಯಲ್ಲೂ ಅಂದು ಒಲೆ ಉರಿದಿರುತ್ತದೆ.